ಒಂಬತ್ತು ಪಿನ್ನಿನ ಹಳೆ ಜಾಯ್‌ಸ್ಟಿಕ್‌ಗೆ ಯುಎಸ್‌ಬಿ ಡಬ್ಬಿ: ರಿಪೇರಿ, ಜೋಡಣೆ, ಎಮ್ಯುಲೇಟರ್ ಸೆಟ್ಟಿಂಗ್

ಕಾಮಡೋರ್ 64 ಎಮ್ಯುಲೇಟರ್ (ಆ ಹಳೆ ಕಂಪ್ಯೂಟರಿನಂತೆ ನಡೆದುಕೊಳ್ಳುವ ಪ್ರೋಗ್ರಾಂ) ತೆರೆದು ಜಾಯ್‌ಸ್ಟಿಕ್ಕನ್ನು ಮೇಲಕ್ಕೆ ತಳ್ಳಿದರೆ ಪರದೆಯ ಮೇಲೆ 1 ಮೂಡುತ್ತದೆ. ಕೆಳಕ್ಕೆ ಎಳೆದರೆ ಎಡಬಾಣದ ಗುರುತು, ಬಲಕ್ಕೆ ತಳ್ಳಿದರೆ 2, ಫೈರ್ ಒತ್ತಿದರೆ ಸ್ಪೇಸ್. ಆಟ ಹಾಕಿದರೆ ಬೊಂಬೆ ಕದಲುವುದೇ ಇಲ್ಲ. ಇಲ್ಲಿ ಜಾಯ್‌ಸ್ಟಿಕ್ಕೂ ಕೆಟ್ಟಿಲ್ಲ, ಯುಎಸ್‌ಬಿ ಅಡಾಪ್ಟರ್ ಡಬ್ಬಿಯೂ ಕೆಟ್ಟಿಲ್ಲ. 2ನೇ ಪೋರ್ಟಿನಲ್ಲಿ ಇರಬೇಕಾದದ್ದು 1ನೇ ಪೋರ್ಟಿಗೆ ಸೇರಿಕೊಂಡಿದೆ, ಅಷ್ಟೆ. ಆದರೆ ಇದು ಗೊತ್ತಿಲ್ಲದೆ ಡಬ್ಬಿ ಬಿಚ್ಚಿ, ಬೆಸುಗೆ ಕಿತ್ತು, ಕೋಡ್ ಮೂರು ಸಲ ತಿದ್ದಿ ಕೊನೆಗೆ ಕೈಚೆಲ್ಲುವವರೇ ಹೆಚ್ಚು.

ಹಾಗಾಗಿ ಈ ಕೆಲಸವನ್ನು ಮೂರು ಹಂತವಾಗಿ ಒಡೆದುಕೊಳ್ಳಬೇಕು. ಮೊದಲು ಜಾಯ್‌ಸ್ಟಿಕ್ ಒಳಗಿನ ಸ್ವಿಚ್ಚು, ಆಮೇಲೆ ಅದನ್ನು ಯುಎಸ್‌ಬಿಗೆ ತರುವ ಡಬ್ಬಿ, ಕೊನೆಗೆ ಎಮ್ಯುಲೇಟರ್ ಒಳಗಿನ ಪೋರ್ಟು. ಒಂದನ್ನು ಅಳೆದು ಸರಿಯಿದೆ ಎಂದು ಖಚಿತವಾಗುವವರೆಗೆ ಮುಂದಿನದಕ್ಕೆ ಕೈ ಹಾಕಬಾರದು.

ಪಿನ್ನುಗಳು

1977ರ ಅಟಾರಿ 2600ರ ಜೊತೆ ಬಂದ ಒಂಬತ್ತು ಪಿನ್ನಿನ ಜೋಡಣೆಯನ್ನೇ ಕಾಮಡೋರ್ ವಿಕ್-20, ಕಾಮಡೋರ್ 64, ಅಮಿಗಾ, ಅಟಾರಿ ಎಸ್‌ಟಿ ಎಲ್ಲವೂ ಬಳಸಿದವು. ಕನೆಕ್ಟರಿನ ಸರಿಯಾದ ಹೆಸರು ಡಿಇ-9. ಅಂಗಡಿಯಲ್ಲಿ ಡಿಬಿ-9 ಎಂದರೇ ಸಿಗುವುದು. ಜಾಯ್‌ಸ್ಟಿಕ್ ಒಳಗೆ ಯಾವ ಚಿಪ್ಪೂ ಇಲ್ಲ. ಐದು ಸ್ವಿಚ್ಚು, ಐದಕ್ಕೂ ಸೇರಿ ಒಂದು ಗ್ರೌಂಡ್.

ಪಿನ್ 1: ಮೇಲೆ
ಪಿನ್ 2: ಕೆಳಗೆ
ಪಿನ್ 3: ಎಡ
ಪಿನ್ 4: ಬಲ
ಪಿನ್ 5: ಪ್ಯಾಡಲ್, ಅಂದರೆ ತಿರುಗಿಸಿ ಆಡುವ ಗುಂಡಿ (ಎರಡನೆಯದು)
ಪಿನ್ 6: ಫೈರ್
ಪಿನ್ 7: +5 ವೋಲ್ಟ್
ಪಿನ್ 8: ಗ್ರೌಂಡ್
ಪಿನ್ 9: ಪ್ಯಾಡಲ್ (ಮೊದಲನೆಯದು), ಕೆಲವು ಕಡೆ ಎರಡನೇ ಬಟನ್

ಕನೆಕ್ಟರ್ ಒಂದೇ ಥರ ಕಂಡ ಮಾತ್ರಕ್ಕೆ ಒಳಗಿನ ತಂತಿಯೂ ಒಂದೇ ಅಲ್ಲ. ಎಂಎಸ್‌ಎಕ್ಸ್ ಕಂಪ್ಯೂಟರಿನ ಜಾಯ್‌ಸ್ಟಿಕ್‌ನಲ್ಲಿ ದಿಕ್ಕುಗಳು ಇದೇ ಪಿನ್ನುಗಳಲ್ಲಿದ್ದರೂ 7ನೇ ಪಿನ್ ಎರಡನೇ ಬಟನ್ನಿನದು. ಅದರ ಸ್ವಿಚ್ಚುಗಳ ಸಾಮಾನ್ಯ ತಂತಿ 8ಕ್ಕೆ ಬರುತ್ತದೆ. ಅದನ್ನು ಅಟಾರಿ ಮಾದರಿಯ ಪೋರ್ಟಿಗೆ ಚುಚ್ಚಿ ಎರಡನೇ ಬಟನ್ ಒತ್ತಿದರೆ 5 ವೋಲ್ಟ್ ನೇರ ಗ್ರೌಂಡಿಗೆ ಶಾರ್ಟ್. ಸ್ಪೆಕ್ಟ್ರಮ್ +2 ಕಂಪ್ಯೂಟರಿನ ಜೊತೆ ಬಂದ ಜಾಯ್‌ಸ್ಟಿಕ್ಕಿನಲ್ಲಂತೂ ಪಿನ್ನುಗಳನ್ನೆಲ್ಲ ಬೇರೆಯೇ ಕ್ರಮದಲ್ಲಿ ಹಾಕಿದ್ದಾರೆ. ಇಲ್ಲಿ ಹೇಳಿದ ಡಬ್ಬಿಗೆ ಅದು ನೇರವಾಗಿ ಕೂಡುವುದಿಲ್ಲ.

ಸೆಗಾ ಮೆಗಾ ಡ್ರೈವ್ ಪ್ಯಾಡ್ ಇನ್ನೊಂದು ತೊಡಕು. ಅದರೊಳಗೆ ಚಿಪ್ ಇದೆ, ಅದಕ್ಕೆ 5ನೇ ಪಿನ್ನಿನಲ್ಲಿ ವಿದ್ಯುತ್ ಬೇಕು, 7ನೇ ಪಿನ್ ಆಯ್ಕೆಯ ತಂತಿ. ನಿಜವಾದ ಕಾಮಡೋರ್ 64ಕ್ಕೆ ಅದನ್ನು ನೇರ ಚುಚ್ಚುವುದು ಅದರೊಳಗೆ ಜಾಯ್‌ಸ್ಟಿಕ್ ಓದುವ ಸಿಐಎ ಚಿಪ್ಪಿಗೆ ಅಪಾಯ. ಹಿಂದಿನ ಮಾಸ್ಟರ್ ಸಿಸ್ಟಮ್ ಪ್ಯಾಡ್ ಒಳಗೆ ಬರೀ ಸ್ವಿಚ್ಚುಗಳು: 6ರಲ್ಲಿ ಮೊದಲ ಬಟನ್, 9ರಲ್ಲಿ ಎರಡನೆಯದು. ಅದು ಈ ಡಬ್ಬಿಯಲ್ಲಿ ಚೆನ್ನಾಗಿಯೇ ನಡೆಯುತ್ತದೆ.

ಮೊದಲು ಜಾಯ್‌ಸ್ಟಿಕ್

ಮಲ್ಟಿಮೀಟರನ್ನು ಓಮ್‌ಗೆ ಇಡಿ, ಬೀಪ್ ಸ್ಥಾನಕ್ಕಲ್ಲ. ಬೀಪ್ ಸದ್ದು ಮೂವತ್ತು–ನಲವತ್ತು ಓಮ್ ಇದ್ದರೂ ಕೂಗುತ್ತದೆ, ಕಾಂಟ್ಯಾಕ್ಟಿನ ಕೊಳೆ ಅದರಲ್ಲಿ ಮುಚ್ಚಿಹೋಗುತ್ತದೆ. ಒಂದು ಮೊನೆ 8ನೇ ಪಿನ್ನಿಗೆ, ಇನ್ನೊಂದು ಮೊನೆ ಸರದಿಯಂತೆ 1, 2, 3, 4, 6ಕ್ಕೆ. ಜಾಯ್‌ಸ್ಟಿಕ್ಕಿನ ಪ್ಲಗ್ಗು ಹೆಣ್ಣು, ಮೀಟರಿನ ಮೊನೆ ತೂತಿನೊಳಗೆ ಹೋಗುವುದಿಲ್ಲ. ರೆಸಿಸ್ಟರಿನ ಕಾಲು ಕತ್ತರಿಸಿದ ತುಂಡನ್ನು ತೂತಿಗೆ ತೂರಿಸಿ ಅದರ ಮೇಲೆ ಅಳೆಯಿರಿ.

ಮೈಕ್ರೋಸ್ವಿಚ್ ಅಥವಾ ಲೋಹದ ಪಟ್ಟಿಯ ಸ್ವಿಚ್ ಆದರೆ ಒತ್ತಿದಾಗ ಕೇಬಲ್ ಸೇರಿ 5 ಓಮ್ ಒಳಗೆ ನಿಲ್ಲಬೇಕು, ನಿಂತಲ್ಲೇ ಇರಬೇಕು. ಅಂಕಿ 3ರಿಂದ 200ಕ್ಕೆ ಹಾರಿ ಮತ್ತೆ ಇಳಿಯುತ್ತಿದ್ದರೆ ಕಾಂಟ್ಯಾಕ್ಟ್ ಕೊಳೆಯಾಗಿದೆ. ಕಾರ್ಬನ್ ಲೇಪದ ರಬ್ಬರ್ ಬಟನ್ನಾದರೆ ಕೆಲವು ನೂರು ಓಮ್ ಸಹಜ. ಬಿಟ್ಟಾಗ ಮೀಟರ್ ಪೂರ್ತಿ ತೆರೆದ ಸರ್ಕ್ಯೂಟ್ ತೋರಿಸಬೇಕು.

ಅಳೆಯುತ್ತಿರುವಾಗಲೇ ಕೇಬಲ್ಲನ್ನು ಬಾಗಿಸಿ ನೋಡಿ. ಹಳೆ ಜಾಯ್‌ಸ್ಟಿಕ್ಕಿನಲ್ಲಿ ಸ್ವಿಚ್ಚಿಗಿಂತ ಮೊದಲು ಸಾಯುವುದು ಕೇಬಲ್ಲೇ. ಅದೂ ಜಾಯ್‌ಸ್ಟಿಕ್ಕಿನ ಮೈಯಿಂದ ಹೊರಬರುವ ಕುತ್ತಿಗೆಯ ಹತ್ತಿರ, ಮೊದಲ ಐದು ಸೆಂಟಿಮೀಟರಿನಲ್ಲಿ. ಒಂದು ದಿಕ್ಕು ಮಾತ್ರ ಬಂದು ಹೋಗಿ ಮಾಡಿದರೆ ಆ ತಂತಿ, ಎಲ್ಲವೂ ಒಟ್ಟಿಗೆ ಬಂದು ಹೋಗಿ ಮಾಡಿದರೆ ಗ್ರೌಂಡ್ ತಂತಿ. ಅಷ್ಟು ಭಾಗ ಕತ್ತರಿಸಿ ತೆಗೆದು ಮತ್ತೆ ಬೆಸುಗೆ ಹಾಕುವುದೇ ಮದ್ದು. ಕೀಳುವ ಮುಂಚೆ ಫೋಟೋ ತೆಗೆದುಕೊಳ್ಳಿ, ಆದರೆ ತಂತಿಯ ಬಣ್ಣವನ್ನು ಮಾತ್ರ ನಂಬಬೇಡಿ. ಒಂದೇ ಕಂಪನಿಯ ಒಂದೇ ಮಾದರಿಯಲ್ಲೂ ಬಣ್ಣದ ಕ್ರಮ ಬೇರೆಬೇರೆ ಇರುತ್ತದೆ. ಪ್ರತಿ ತಂತಿಯನ್ನೂ ಪ್ಲಗ್ಗಿನ ತೂತಿನಿಂದ ಅಳೆದೇ ಗುರುತಿಸಿ.

ಪಟ್ಟಿ ಸ್ವಿಚ್ಚುಗಳನ್ನು ಸ್ವಚ್ಛ ಮಾಡಲು ಗಟ್ಟಿ ಕಾಗದದ ತೆಳು ಪಟ್ಟಿಯೊಂದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಎರಡು ಕಾಂಟ್ಯಾಕ್ಟುಗಳ ನಡುವೆ ಇಟ್ಟು, ಮೆಲ್ಲಗೆ ಒತ್ತಿ ಹಿಡಿದು ಎಳೆಯಿರಿ. ಕಾಗದ ಬಿಳಿಯಾಗಿ ಹೊರಬರುವವರೆಗೆ ಮಾಡಿ. ಸಾಮಾನ್ಯವಾಗಿ ನಾಲ್ಕೈದು ಸಲ ಸಾಕು. ಉಪ್ಪುಕಾಗದ ಬೇಡ: ಮೇಲಿನ ಲೇಪ ಕಿತ್ತುಹೋದರೆ ಒಂದು ತಿಂಗಳು ಚೆನ್ನಾಗಿ ನಡೆದು ಆಮೇಲೆ ಮೊದಲಿಗಿಂತ ಬೇಗ ಕಪ್ಪಾಗುತ್ತದೆ. ಪಟ್ಟಿಗಳ ನಡುವಿನ ಸಂದು ಸುಮಾರು 1 ಮಿಲಿಮೀಟರ್ ಇರಲಿ. ಹೆಚ್ಚಿದ್ದರೆ ಕೋಲು ಕೊನೆಯವರೆಗೆ ಬಾಗದ ಹೊರತು ತಾಗುವುದಿಲ್ಲ. ಅದಕ್ಕಿಂತ ಕಡಿಮೆಯಾದರೆ ಬಿಟ್ಟ ಕೋಲು ಅದುರಿದಾಗ ಎದುರು ದಿಕ್ಕಿನ ಪಟ್ಟಿ ತಾಗಿಬಿಡುತ್ತದೆ, ಆಟದಲ್ಲಿ ಬೊಂಬೆ ನಿಲ್ಲುವ ಮುಂಚೆ ಒಂದು ಹೆಜ್ಜೆ ಹಿಂದಕ್ಕೆ ಇಡುತ್ತದೆ.

ಮೈಕ್ರೋಸ್ವಿಚ್ಚನ್ನು ಬಿಚ್ಚಿ ಸ್ವಚ್ಛ ಮಾಡುವುದಕ್ಕಿಂತ ಹೊಸದು ಹಾಕುವುದು ಲೇಸು. ಸ್ಕ್ರೂ ತೂತುಗಳ ನಡುವಿನ ಅಂತರ ಅಳೆದುಕೊಳ್ಳಿ: ದೊಡ್ಡದಕ್ಕೆ 22.2 ಮಿಲಿಮೀಟರ್, ಚಿಕ್ಕದಕ್ಕೆ 9.5, ಅತಿ ಚಿಕ್ಕದಕ್ಕೆ 6.5. ಮೂರು ಕಾಲುಗಳಲ್ಲಿ ಸಾಮಾನ್ಯ ಕಾಲು ಮತ್ತು ಒತ್ತಿದಾಗ ಸೇರುವ ಕಾಲು, ಇವೆರಡನ್ನೇ ಬಳಸಬೇಕು. ಮೂರನೆಯದಕ್ಕೆ ಬೆಸುಗೆ ಹಾಕಿದರೆ ಆ ದಿಕ್ಕು ಸದಾ ಒತ್ತಿದ ಹಾಗೇ ಇದ್ದು, ಒತ್ತಿದಾಗ ಬಿಡುತ್ತದೆ.

ಡಬ್ಬಿಗೆ ಬೇಕಾದದ್ದು

ಪ್ರೊ ಮೈಕ್ರೊ ಬೋರ್ಡ್ ಒಂದು, 5 ವೋಲ್ಟ್–16 ಮೆಗಾಹರ್ಟ್ಸ್ ಮಾದರಿ. ಅದರ ಮೇಲಿನ ಎಟಿಮೆಗಾ 32ಯು4 ಚಿಪ್ಪು ತಾನೇ ಯುಎಸ್‌ಬಿ ಸಾಧನವಾಗಿ ಕಾಣಿಸಿಕೊಳ್ಳಬಲ್ಲದು. ಆರ್ಡುಯಿನೊ ಲಿಯೊನಾರ್ಡೊದಲ್ಲೂ ಇದೇ ಚಿಪ್ಪಿದೆ, ಅದೂ ಆಗುತ್ತದೆ. ಆರ್ಡುಯಿನೊ ಊನೊ ಈ ಕೆಲಸಕ್ಕೆ ನೇರವಾಗಿ ಬರುವುದಿಲ್ಲ. ಡಿಇ-9 ಗಂಡು ಕನೆಕ್ಟರ್ ಒಂದು, ಪ್ಯಾನೆಲ್ಲಿಗೆ ಕೂರಿಸುವಂಥದು. 330 ಓಮ್ ರೆಸಿಸ್ಟರ್ ಆರು. 100 ಮಿಲಿಆಂಪಿನ ತಾನಾಗಿ ಸರಿಹೋಗುವ ಫ್ಯೂಸ್ ಒಂದು. ಒಂದು ಮೀಟರ್ ತೆಳು ತಂತಿ, ಚಿಕ್ಕ ಪ್ಲಾಸ್ಟಿಕ್ ಡಬ್ಬಿ, ಡೇಟಾ ಹೋಗುವ ಯುಎಸ್‌ಬಿ ಕೇಬಲ್. ಚಾರ್ಜಿಗೆ ಮಾತ್ರ ಬರುವ ಕೇಬಲ್ ಹಾಕಿದರೆ ಬೋರ್ಡಿನ ದೀಪ ಉರಿಯುತ್ತದೆ, ಕಂಪ್ಯೂಟರಿಗೆ ಮಾತ್ರ ಏನೂ ಕಾಣುವುದಿಲ್ಲ.

ಕನೆಕ್ಟರಿನ ಎರಡು ಪಕ್ಕದಲ್ಲಿ ಬರುವ ಷಡ್ಭುಜ ನಟ್ಟುಗಳನ್ನು ಹಾಕಲೇಬೇಡಿ. ಅವು ಸೀರಿಯಲ್ ಕೇಬಲ್ಲಿನ ಸ್ಕ್ರೂಗೆಂದು ಮಾಡಿದವು. ಜಾಯ್‌ಸ್ಟಿಕ್ ಪ್ಲಗ್ಗಿನ ಅಚ್ಚು ಅವಕ್ಕೆ ತಾಗಿ ಅರ್ಧದಲ್ಲೇ ನಿಲ್ಲುತ್ತದೆ, ಪಿನ್ನು ಪೂರ್ತಿ ಒಳಗೆ ಹೋಗದೆ ಕೆಲವು ದಿಕ್ಕು ಬರುತ್ತವೆ, ಕೆಲವು ಬರುವುದಿಲ್ಲ. ಚಪ್ಪಟೆ ತಲೆಯ ಸ್ಕ್ರೂ ಹಾಕಿ.

ಬೆಸುಗೆ

ಜೋಡಣೆ ಹೀಗೆ: ಕನೆಕ್ಟರಿನ 1 ಬೋರ್ಡಿನ 2ಕ್ಕೆ, 2 ಬೋರ್ಡಿನ 3ಕ್ಕೆ, 3 ಬೋರ್ಡಿನ 4ಕ್ಕೆ, 4 ಬೋರ್ಡಿನ 5ಕ್ಕೆ, ಫೈರ್ ಆದ 6 ಬೋರ್ಡಿನ 6ಕ್ಕೆ, ಎರಡನೇ ಬಟನ್ನಿನ 9 ಬೋರ್ಡಿನ 7ಕ್ಕೆ. ಈ ಆರೂ ತಂತಿಗೆ ನಡುವೆ ಒಂದೊಂದು 330 ಓಮ್. ಕನೆಕ್ಟರಿನ 8 ನೇರವಾಗಿ ಗ್ರೌಂಡಿಗೆ. 7 ಮಾತ್ರ ಫ್ಯೂಸ್ ಮೂಲಕ 5 ವೋಲ್ಟಿಗೆ.

330 ಓಮ್ ಏಕೆ ಅಂದರೆ, ಚಿಪ್ಪಿನ ಒಳಗಿನ ಪುಲ್‌ಅಪ್ (ಸ್ವಿಚ್ ಬಿಟ್ಟಾಗ ಪಿನ್ನನ್ನು 5 ವೋಲ್ಟಿನ ಕಡೆ ಎತ್ತಿ ಹಿಡಿಯುವ ರೆಸಿಸ್ಟರ್) 20ರಿಂದ 50 ಕಿಲೋಓಮ್; ಅದರ ಮುಂದೆ 330 ಲೆಕ್ಕಕ್ಕೇ ಇಲ್ಲ, ಸ್ವಿಚ್ ಒತ್ತಿದ್ದು ಸ್ಪಷ್ಟವಾಗಿ ಓದಿಸುತ್ತದೆ. ಆದರೆ ಕೋಡ್ ತಪ್ಪಿ ಪಿನ್ನು ಔಟ್‌ಪುಟ್ ಆಗಿದ್ದಾಗ ಯಾರಾದರೂ ಬಟನ್ ಒತ್ತಿದರೆ ಹರಿಯುವ ವಿದ್ಯುತ್ತು 15 ಮಿಲಿಆಂಪಿನ ಆಸುಪಾಸಿಗೆ ನಿಲ್ಲುತ್ತದೆ, ಚಿಪ್ಪು ಉಳಿಯುತ್ತದೆ. ಫ್ಯೂಸು ಮೇಲೆ ಹೇಳಿದ ಎಂಎಸ್‌ಎಕ್ಸ್ ಶಾರ್ಟಿಗೆ. 7ನೇ ಪಿನ್ನು ಬೇಕಾಗುವುದೇ ಆಟೊಫೈರ್ (ಒತ್ತಿ ಹಿಡಿದರೆ ತಾನೇ ಮತ್ತೆ ಮತ್ತೆ ಫೈರ್ ಮಾಡುವ) ಸರ್ಕ್ಯೂಟಿಗೆ ಮತ್ತು ಪ್ಯಾಡಲಿಗೆ. ಎರಡೂ ಬೇಡವೆಂದರೆ ಆ ತಂತಿಯನ್ನೇ ಹಾಕಬೇಡಿ, ಫ್ಯೂಸೂ ಉಳಿಯಿತು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಕನ್ನಡಿ ಜೋಡಣೆ. ಗಂಡು ಕನೆಕ್ಟರನ್ನು ಎದುರಿನಿಂದ ನೋಡಿದಾಗ ಮೇಲಿನ ಸಾಲಿನಲ್ಲಿ ಎಡದಿಂದ ಬಲಕ್ಕೆ 1ರಿಂದ 5, ಕೆಳಗೆ 6ರಿಂದ 9. ಬೆಸುಗೆ ಹಾಕುವುದು ಹಿಂದಿನಿಂದ, ಅಲ್ಲಿ ಎಲ್ಲವೂ ತಿರುಗುಮುರುಗು. ಪ್ಲಾಸ್ಟಿಕ್ಕಿನ ಮೇಲೆ ಪ್ರತಿ ಪಿನ್ನಿನ ಪಕ್ಕದಲ್ಲೂ ಅಚ್ಚೊತ್ತಿದ ಪುಟ್ಟ ಅಂಕಿ ಇರುತ್ತದೆ, ಭೂತಗನ್ನಡಿ ಹಿಡಿದು ಓದಿಕೊಳ್ಳಿ. ಕನ್ನಡಿ ಜೋಡಣೆಯಾದರೆ 7 ಮತ್ತು 8 ಅದಲುಬದಲಾಗುತ್ತವೆ. ಸ್ವಿಚ್ಚುಗಳ ಸಾಮಾನ್ಯ ತಂತಿ ಗ್ರೌಂಡಿನ ಬದಲು 5 ವೋಲ್ಟಿಗೆ ಹೋಗುತ್ತದೆ. ಒತ್ತಿದರೂ ಬಿಟ್ಟರೂ ಪಿನ್ನು ಮೇಲೇ ನಿಂತಿರುವುದರಿಂದ ಒಂದೂ ದಿಕ್ಕು ಬರುವುದಿಲ್ಲ. ಒಂದೆರಡು ದಿಕ್ಕು ಬಾರದಿದ್ದರೆ ಬೆಸುಗೆ ನೋಡಿ; ಒಂದೂ ಬಾರದಿದ್ದರೆ ಮೊದಲು ಕನ್ನಡಿಯನ್ನು ಅನುಮಾನಿಸಿ.

ಪ್ರೊ ಮೈಕ್ರೊದ ಮೈಕ್ರೊ ಯುಎಸ್‌ಬಿ ಸಾಕೆಟ್ಟು ಬೋರ್ಡಿನಿಂದ ಕಿತ್ತುಬರುವುದರಲ್ಲಿ ಹೆಸರುವಾಸಿ. ಡಬ್ಬಿಗೆ ಕೂರಿಸುವ ಮುಂಚೆಯೇ ಅದರ ಸುತ್ತ ಎಪಾಕ್ಸಿ ಹಚ್ಚಿ, ಬಾಯೊಳಗೆ ಹರಿಯದಂತೆ. ಕೇಬಲ್ಲನ್ನು ಡಬ್ಬಿಯ ಒಳಗೇ ಒಂದು ಗಂಟು ಅಥವಾ ಕೇಬಲ್ ಟೈ ಹಾಕಿ ಬಿಗಿದರೆ ಎಳೆತ ಸಾಕೆಟ್ಟಿಗೆ ಬೀಳುವುದಿಲ್ಲ.

ಕೋಡ್ ಏನು ಮಾಡಬೇಕು

ಆರ್ಡುಯಿನೊದ ಜಾಯ್‌ಸ್ಟಿಕ್ ಲೈಬ್ರರಿ ಬಳಸಿದರೆ ಬರೆಯಬೇಕಾದದ್ದು ಐವತ್ತು ಸಾಲೂ ಆಗದು. ಅದರಲ್ಲಿ ಮೂರು ವಿಷಯ ಮುಖ್ಯ.

ಒಂದು, ದಿಕ್ಕುಗಳನ್ನು ಬಟನ್ನುಗಳಾಗಿ ಅಲ್ಲ, ಎಕ್ಸ್ ಮತ್ತು ವೈ ಅಕ್ಷಗಳಾಗಿ ಕಳಿಸಿ. ವ್ಯಾಪ್ತಿ −127ರಿಂದ 127. ಎಡ −127, ನಡು 0, ಬಲ 127. ಹ್ಯಾಟ್ ಸ್ವಿಚ್ (ಎಂಟು ದಿಕ್ಕನ್ನೂ ಒಟ್ಟಿಗೆ ಹೇಳುವ ಒಂದೇ ಸ್ವಿಚ್) ಆಗಿ ಕಳಿಸಿದರೂ ನಡೆಯುತ್ತದೆ, ಆದರೆ ಹಳೆ ಎಮ್ಯುಲೇಟರುಗಳಲ್ಲಿ ಅಕ್ಷವನ್ನು ಮಾತ್ರ ಕೇಳುವವು ಇವೆ.

ಎರಡು, ಎಲ್ಲ ಪಿನ್ನುಗಳನ್ನೂ ಒಟ್ಟಿಗೆ ಓದಿ ಒಂದೇ ವರದಿಯಾಗಿ ಕಳಿಸಿ. ಲೈಬ್ರರಿ ಮೊದಲಿನಿಂದ ಪ್ರತಿ ಬದಲಾವಣೆಯನ್ನೂ ತಕ್ಷಣ ಕಳಿಸುವ ಸ್ಥಿತಿಯಲ್ಲಿರುತ್ತದೆ. ಶುರು ಮಾಡುವಾಗ ಅದನ್ನು ಆಫ್ ಮಾಡಿ, ಕೊನೆಯಲ್ಲಿ ಒಮ್ಮೆ ಕಳಿಸುವ ಆದೇಶ ಕೊಡಿ. ಇಲ್ಲದಿದ್ದರೆ ಮೂಲೆಯ ದಿಕ್ಕು ಎರಡು ವರದಿಗಳಾಗಿ ಒಡೆದು ಹೋಗುತ್ತದೆ, ಮೊದಲು ಬಲ, ಆಮೇಲೆ ಬಲ-ಮೇಲೆ. ಓಡುತ್ತ ಹಾರಬೇಕಾದ ಆಟದಲ್ಲಿ ಅದು ಸರಿಯಾದ ಹೊತ್ತಿಗೆ ಕೈಕೊಡುತ್ತದೆ.

ಮೂರು, ಸ್ವಿಚ್ಚಿನ ಅದುರು. ಲೋಹದ ಪಟ್ಟಿ ತಾಗುವಾಗ ಕೆಲವು ಮಿಲಿಸೆಕೆಂಡ್ ತಾಗಿ-ಬಿಟ್ಟು-ತಾಗಿ ಮಾಡುತ್ತದೆ. ಅದನ್ನು ತಡೆಯಲು ಬಹಳ ಕಡೆ ಬರೆಯುವ ಉಪಾಯ, ಬದಲಾವಣೆ ಕಂಡ ಮೇಲೆ 10–20 ಮಿಲಿಸೆಕೆಂಡ್ ಕಾದು, ಇನ್ನೂ ಹಾಗೇ ಇದ್ದರೆ ಕಳಿಸುವುದು. ಮನೆಯ ಕಾಲಿಂಗ್ ಬೆಲ್ಲಿಗೆ ಅದು ಸರಿ, ಆಟಕ್ಕೆ ಅಲ್ಲ. 50 ಹರ್ಟ್ಸಿನ ಪಾಲ್ ಟಿವಿ ಪದ್ಧತಿಯ ಯಂತ್ರದಲ್ಲಿ ಒಂದು ಚಿತ್ರಕ್ಕೆ 20 ಮಿಲಿಸೆಕೆಂಡ್. ಬಹುತೇಕ ಆಟಗಳು ಜಾಯ್‌ಸ್ಟಿಕ್ ಓದುವುದು ಚಿತ್ರಕ್ಕೊಮ್ಮೆ. ಕಾಯುವುದರಲ್ಲೇ ಒಂದು ಚಿತ್ರ ಕಳೆದುಹೋಗುತ್ತದೆ. ತಿರುಗಿಸಿ ಮಾಡಿ: ಬದಲಾವಣೆ ಕಂಡ ಕೂಡಲೇ ಕಳಿಸಿ, ಆಮೇಲೆ ಆ ತಂತಿಯನ್ನು 5 ಮಿಲಿಸೆಕೆಂಡ್ ಕಡೆಗಣಿಸಿ. ಅದುರು ಅಷ್ಟರಲ್ಲಿ ಮುಗಿದಿರುತ್ತದೆ, ತಡವೂ ಇಲ್ಲ. ಸವೆದ ಪಟ್ಟಿಗಾದರೆ 5ನ್ನು 10 ಮಾಡಿ. ಕಡೆಗಣಿಸುವ ಲೆಕ್ಕ ಪ್ರತಿ ತಂತಿಗೂ ಬೇರೆ ಇರಲಿ. ಎಲ್ಲಕ್ಕೂ ಸೇರಿ ಒಂದೇ ಗಡಿಯಾರ ಇಟ್ಟರೆ ಎಡ ಒತ್ತಿದ ಬೆನ್ನಿಗೇ ಒತ್ತಿದ ಫೈರ್ ತಡವಾಗಿ ತಲುಪುತ್ತದೆ.

ಕೋಡ್ ತುಂಬುವಾಗ ಬೋರ್ಡಿನ ಮಾದರಿಯನ್ನು 3.3 ವೋಲ್ಟ್–8 ಮೆಗಾಹರ್ಟ್ಸ್ ಎಂದು ಆರಿಸಿಬಿಟ್ಟರೆ ಯುಎಸ್‌ಬಿಯ ಗಡಿಯಾರದ ಲೆಕ್ಕ ತಪ್ಪಿ ಬೋರ್ಡು ಕಂಪ್ಯೂಟರಿಗೆ ಕಾಣದಂತಾಗುತ್ತದೆ. ಸತ್ತಿತೆಂದು ಎಸೆಯಬೇಡಿ. ರೀಸೆಟ್ ಪಿನ್ನನ್ನು ಗ್ರೌಂಡಿಗೆ ಬೇಗಬೇಗನೆ ಎರಡು ಸಲ ತಾಗಿಸಿದರೆ ಬೂಟ್‌ಲೋಡರ್ (ಹೊಸ ಕೋಡನ್ನು ಬರಮಾಡಿಕೊಳ್ಳುವ ಪುಟ್ಟ ಪ್ರೋಗ್ರಾಂ) ಸುಮಾರು 8 ಸೆಕೆಂಡ್ ಎಚ್ಚರವಾಗಿರುತ್ತದೆ. ಆ ಹೊತ್ತಿನಲ್ಲಿ ಸರಿಯಾದ ಮಾದರಿ ಆರಿಸಿ ಮತ್ತೆ ತುಂಬಿ.

ಎಮ್ಯುಲೇಟರ್ ತೆರೆಯುವ ಮುಂಚೆ

ಲಿನಕ್ಸ್‌ನಲ್ಲಿ ಇವಿಟೆಸ್ಟ್ ಅಥವಾ ಜೆಎಸ್‌ಟೆಸ್ಟ್, ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್ಲಿನ ಗೇಮ್ ಕಂಟ್ರೋಲರ್ ಕಿಟಕಿ. ಎಂಟೂ ದಿಕ್ಕಿಗೆ ತಳ್ಳಿ ಗುರುತು ಎಂಟೂ ಕಡೆಗೆ ಹೋಗುತ್ತದೆಯೇ, ಬಿಟ್ಟಾಗ ನಡುವಿಗೆ ಬರುತ್ತದೆಯೇ ನೋಡಿ. ವಿಂಡೋಸ್‌ನಲ್ಲಿ ನಡು ಓರೆಯಾಗಿ ನಿಂತರೆ ಹಿಂದೆಂದೋ ಉಳಿಸಿಟ್ಟ ಕ್ಯಾಲಿಬ್ರೇಷನ್ ಕಾರಣವಿರಬಹುದು. ಅದೇ ಗುರುತಿನ ಸಂಖ್ಯೆಯ ಸಾಧನಕ್ಕೆಲ್ಲ ಅದು ಅಂಟಿಕೊಳ್ಳುತ್ತದೆ. ಮೊದಲಿನ ಸ್ಥಿತಿಗೆ ತರುವ ಬಟನ್ ಒತ್ತಿ. ಡಿಜಿಟಲ್ ಕೋಲಿಗೆ ಕ್ಯಾಲಿಬ್ರೇಷನ್ ಬೇಕಾಗಿಯೇ ಇಲ್ಲ.

ಇಲ್ಲಿ ಎಲ್ಲ ಸರಿಯಿದ್ದರೆ ಇನ್ನು ಮೇಲೆ ಬರುವ ಯಾವ ತೊಂದರೆಗೂ ಬೆಸುಗೆ ಕಡ್ಡಿ ಹಿಡಿಯಬೇಕಾಗಿಲ್ಲ.

ಕಾಮಡೋರ್ 64

ವೈಸ್ ಎಮ್ಯುಲೇಟರಿನಲ್ಲಿ ಜಾಯ್‌ಸ್ಟಿಕ್ ಸೆಟ್ಟಿಂಗ್ ತೆರೆದು 2ನೇ ಪೋರ್ಟಿಗೆ ಈ ಸಾಧನವನ್ನು ಆರಿಸಿ, 1ನೇ ಪೋರ್ಟನ್ನು ಖಾಲಿ ಬಿಡಿ. ಒಬ್ಬರೇ ಆಡುವ ಬಹುಪಾಲು ಆಟಗಳಿಗೆ 2ನೆಯದೇ ಬೇಕು, ಅದಕ್ಕೆ ಕಾರಣವೂ ಇದೆ. 1ನೇ ಪೋರ್ಟಿನ ತಂತಿಗಳು ಕೀಬೋರ್ಡ್ ಓದುವ ತಂತಿಗಳ ಜೊತೆ ಹಂಚಿಕೆಯಾಗಿವೆ. ಮೇಲೆ ತಳ್ಳಿದ್ದು 1ರ ಕೀಲಿಯಂತೆ, ಎಡಕ್ಕೆ ತಳ್ಳಿದ್ದು ಕಂಟ್ರೋಲ್ ಕೀಲಿಯಂತೆ, ಫೈರ್ ಸ್ಪೇಸಿನಂತೆ ಕಾಣುತ್ತದೆ. ಆಟ ಬರೆದವರು ಈ ಗೋಜಲು ಬೇಡವೆಂದು 2ಕ್ಕೆ ಹೋದರು. ಆದರೂ 1ನ್ನೇ ಕೇಳುವ ಆಟಗಳು ಸಾಕಷ್ಟಿವೆ. ಮೆನುವಿನಲ್ಲಿ ಪೋರ್ಟ್ ಅದಲುಬದಲು ಮಾಡುವ ಆಯ್ಕೆ ಇದೆ, ಅದರ ಕೀಲಿಯನ್ನು ನೆನಪಿಟ್ಟುಕೊಳ್ಳಿ.

ಪೋರ್ಟನ್ನು ಪರೀಕ್ಷಿಸಲು ಆಟ ಬೇಡ, ಬೇಸಿಕ್ ಸಾಕು. 10ನೇ ಸಾಲಿನಲ್ಲಿ 56320ನೇ ವಿಳಾಸವನ್ನು ಪೀಕ್ ಮಾಡಿ (ಅಲ್ಲಿರುವ ಅಂಕಿಯನ್ನು ಓದಿ) ಪ್ರಿಂಟ್ ಮಾಡಿಸಿ, 20ರಲ್ಲಿ ಮತ್ತೆ 10ಕ್ಕೆ ಕಳಿಸಿ. ಕೈಬಿಟ್ಟಾಗ 127 ಓಡುತ್ತಿರಬೇಕು. ಮೇಲೆ ತಳ್ಳಿದರೆ 126, ಕೆಳಗೆ 125, ಎಡ 123, ಬಲ 119, ಫೈರ್ 111. ಬಲ-ಮೇಲೆ ಒಟ್ಟಿಗೆ ಆದರೆ 118. ಒತ್ತಿದಾಗ ಬಿಟ್ ಸೊನ್ನೆಯಾಗುವುದರಿಂದ ಅಂಕಿ ಇಳಿಯುತ್ತದೆ. 1ನೇ ಪೋರ್ಟಿಗೆ ವಿಳಾಸ 56321, ಕೈಬಿಟ್ಟಾಗ 255. ಇದೇ ಎರಡು ಸಾಲು ನಿಜವಾದ ಯಂತ್ರದಲ್ಲೂ ನಡೆಯುತ್ತದೆ.

ಒಂದೇ ಬಟನ್ನಿನ ಕಾಲದ ಆಟಗಳಲ್ಲಿ ಹಾರುವುದಕ್ಕೆ ಕೋಲನ್ನು ಮೇಲಕ್ಕೆ ತಳ್ಳಬೇಕು. ಎರಡನೇ ಬಟನ್ ಇರುವವರು ಅದಕ್ಕೆ 'ಮೇಲೆ' ಎಂಬ ದಿಕ್ಕನ್ನು ಕೊಟ್ಟುಕೊಳ್ಳುವುದು ಹಿತ. ಅದನ್ನು ಕೋಡಿನಲ್ಲಿ ಗಟ್ಟಿ ಮಾಡದೆ ಎಮ್ಯುಲೇಟರಿನ ಮ್ಯಾಪಿಂಗಿನಲ್ಲೇ ಮಾಡಿ. ಅಮಿಗಾ ಆಟಕ್ಕೆ ಹೋದಾಗ ಅದೇ ಬಟನ್ ನಿಜವಾದ ಎರಡನೇ ಬಟನ್ನಾಗಿ ಬೇಕಾಗುತ್ತದೆ.

ಸ್ಪೆಕ್ಟ್ರಮ್

ಸ್ಪೆಕ್ಟ್ರಮ್‌ನ ಮೊದಲ ಮಾದರಿಗಳಲ್ಲಿ ಜಾಯ್‌ಸ್ಟಿಕ್ ಪೋರ್ಟೇ ಇರಲಿಲ್ಲ. ಹಾಗಾಗಿ ಹಲವು ಇಂಟರ್‌ಫೇಸುಗಳು ಹುಟ್ಟಿಕೊಂಡವು, ಬಹಳಷ್ಟು ಆಟಗಳು ಶುರುವಿನಲ್ಲಿ ಯಾವುದೆಂದು ಕೇಳುತ್ತವೆ. ಆಟದ ಮೆನುವಿನಲ್ಲಿ ಆರಿಸಿದ್ದೂ ಎಮ್ಯುಲೇಟರಿನಲ್ಲಿ ಆರಿಸಿದ್ದೂ ಒಂದೇ ಆಗಿರಬೇಕು.

ಕೆಂಪ್‌ಸ್ಟನ್ ಎಂಬ ಇಂಟರ್‌ಫೇಸ್ ತನ್ನದೇ ಪೋರ್ಟ್ 31ರಲ್ಲಿ ಕೂರುತ್ತದೆ: ಬಲ 1, ಎಡ 2, ಕೆಳಗೆ 4, ಮೇಲೆ 8, ಫೈರ್ 16. ಕಾಮಡೋರಿಗೆ ತದ್ವಿರುದ್ಧವಾಗಿ ಇಲ್ಲಿ ಒತ್ತಿದರೆ ಅಂಕಿ ಏರುತ್ತದೆ. ಸಿಂಕ್ಲೇರ್ ಮಾದರಿ ಬರೀ ಕೀಲಿಗಳ ವೇಷ: ಒಂದು ಕೋಲಿಗೆ 6 ಎಡ, 7 ಬಲ, 8 ಕೆಳಗೆ, 9 ಮೇಲೆ, 0 ಫೈರ್, ಇನ್ನೊಂದಕ್ಕೆ ಅದೇ ಕ್ರಮದಲ್ಲಿ 1ರಿಂದ 5. ಕರ್ಸರ್ ಮಾದರಿಯಲ್ಲಿ 5 ಎಡ, 6 ಕೆಳಗೆ, 7 ಮೇಲೆ, 8 ಬಲ, 0 ಫೈರ್.

ಫ್ಯೂಸ್ ಎಂಬ ಹೆಸರಿನ ಸ್ಪೆಕ್ಟ್ರಮ್ ಎಮ್ಯುಲೇಟರಿನಲ್ಲಿ ಎಡವುವ ಜಾಗ ಒಂದಿದೆ. ಜಾಯ್‌ಸ್ಟಿಕ್ ಪಟ್ಟಿಯಲ್ಲಿ ಕೆಂಪ್‌ಸ್ಟನ್ ಆರಿಸಿದರೆ ಸಾಲದು, ಪೆರಿಫೆರಲ್ಸ್ ಪಟ್ಟಿಯಲ್ಲಿ ಕೆಂಪ್‌ಸ್ಟನ್ ಇಂಟರ್‌ಫೇಸ್ ಇದೆ ಎಂದು ಟಿಕ್ ಹಾಕಲೂಬೇಕು. ಮೊದಲನೆಯದು ಕೋಲನ್ನು ಚುಚ್ಚಿದಂತೆ, ಎರಡನೆಯದು ಆ ಪೋರ್ಟನ್ನೇ ಯಂತ್ರದ ಬೆನ್ನಿಗೆ ಕೂರಿಸಿದಂತೆ. ಇಂಟರ್‌ಫೇಸ್ ಇಲ್ಲದ ಯಂತ್ರದಲ್ಲಿ ಪೋರ್ಟ್ 31 ಓದಿದರೆ 255ರಂಥ ಹುಚ್ಚು ಅಂಕಿ ಬರುತ್ತದೆ, ಆಟಕ್ಕೆ ಅದು ಎಲ್ಲ ದಿಕ್ಕೂ ಫೈರೂ ಒಟ್ಟಿಗೆ ಒತ್ತಿದ ಹಾಗೆ. ಮೆನುವಿನಲ್ಲಿ ಕೆಂಪ್‌ಸ್ಟನ್ ಒತ್ತಿದ ಕೂಡಲೇ ಆಟ ತಾನೇ ಆಡತೊಡಗಿದರೆ ಈ ಟಿಕ್ ನೋಡಿ.

ಉಳಿದವು

ಅಮಿಗಾ ಮತ್ತು ಅಟಾರಿ ಎಸ್‌ಟಿಯಲ್ಲಿ ಒಂದು ಪೋರ್ಟು ಮೌಸಿಗೆ, ಎರಡನೆಯದು ಕೋಲಿಗೆ. ಎಣಿಕೆ ಮಾತ್ರ ಗೊಂದಲ: ಕೆಲವು ಕಡೆ 1 ಮತ್ತು 2, ಕೆಲವು ಕಡೆ 0 ಮತ್ತು 1. ಸಂಖ್ಯೆ ಬಿಟ್ಟು 'ಮೌಸ್ ಇಲ್ಲದ ಪೋರ್ಟು' ಎಂದು ನೆನಪಿಟ್ಟುಕೊಂಡರೆ ತಪ್ಪುವುದಿಲ್ಲ.

ಆಪಲ್ 2, ಬಿಬಿಸಿ ಮೈಕ್ರೊ, ಹಳೆ ಐಬಿಎಂ ಪಿಸಿ ಇವು ಬೇರೆ ಜಾತಿ. ಅಲ್ಲಿ ಕೋಲು ಅನಲಾಗ್; ಆಪಲ್ 2ರದು 150 ಕಿಲೋಓಮ್, ಪಿಸಿಯದು 100 ಕಿಲೋಓಮ್ ಪೊಟೆನ್ಶಿಯೋಮೀಟರ್. ಡಿಜಿಟಲ್ ಕೋಲು ಹಾಕಿದರೆ ಅಂಚಿನಿಂದ ಅಂಚಿಗೆ ಮಾತ್ರ ಹಾರುತ್ತದೆ. ಆ ಯಂತ್ರಗಳ ಆಟಕ್ಕೆ ಇಂದಿನ ಗೇಮ್‌ಪ್ಯಾಡಿನ ಅನಲಾಗ್ ಕೋಲೇ ಮೇಲು.

ಇಂದಿನ ಗೇಮ್‌ಪ್ಯಾಡಿನಲ್ಲಿ ಡಿಜಿಟಲ್ ಆಟ

ಡಬ್ಬಿ ಕಟ್ಟದೆ ಕೈಯಲ್ಲಿರುವ ಪ್ಯಾಡಿನಲ್ಲೇ ಆಡುವವರು ಡಿ-ಪ್ಯಾಡ್ (ನಾಲ್ಕು ದಿಕ್ಕಿನ ಬಟನ್) ಬಳಸುವುದು ಒಳ್ಳೆಯದು. ಅನಲಾಗ್ ಕೋಲೇ ಬೇಕೆಂದರೆ ಕೋಲನ್ನು ಎಷ್ಟು ತಳ್ಳಿದರೆ ದಿಕ್ಕು ಒತ್ತಿದಂತೆ ಎಂದು ಹೇಳುವ, ಸೆಟ್ಟಿಂಗಿನಲ್ಲಿರುವ ಮಿತಿಯ ಅಂಕಿಯನ್ನು ಅರ್ಥ ಮಾಡಿಕೊಂಡು ಇಡಬೇಕು. ಇಲ್ಲಿ ಲೆಕ್ಕ ಸರಳ, ಪರಿಣಾಮ ದೊಡ್ಡದು.

ಕೋಲು ವೃತ್ತಾಕಾರದ ಅಂಚಿನೊಳಗೆ ತಿರುಗುತ್ತದೆ. ಬಲಕ್ಕೆ ಪೂರ್ತಿ ತಳ್ಳಿದರೆ ಎಕ್ಸ್ 1.0, ಮೂಲೆಗೆ ಪೂರ್ತಿ ತಳ್ಳಿದರೆ ಎಕ್ಸ್, ವೈ ಎರಡೂ ಸುಮಾರು 0.71. ಮಿತಿಯನ್ನು 0.75ಕ್ಕೆ ಇಟ್ಟರೆ ಮೂಲೆಯ ದಿಕ್ಕು ಎಷ್ಟು ತಳ್ಳಿದರೂ ಬರುವುದಿಲ್ಲ, ಅದಕ್ಕಿಂತ ಕೆಟ್ಟದ್ದು, ಮೂಲೆಯಲ್ಲಿ ಕೋಲು ಸತ್ತಂತೆ ಏನನ್ನೂ ಕಳಿಸುವುದಿಲ್ಲ. 0.5 ಇಟ್ಟರೆ ಪ್ರತಿ ಮೂಲೆಗೆ 30 ಡಿಗ್ರಿ, ಪ್ರತಿ ನೇರ ದಿಕ್ಕಿಗೆ 60 ಡಿಗ್ರಿ ಸಿಗುತ್ತದೆ. ಎಂಟಕ್ಕೂ ಸಮವಾಗಿ 45 ಡಿಗ್ರಿ ಬೇಕಾದರೆ 0.38. ಓಡಿ ಹಾರುವ ಆಟಕ್ಕೆ 0.38 ಚೆನ್ನ, ಓಣಿಗಳಲ್ಲಿ ನಾಲ್ಕೇ ದಿಕ್ಕಿಗೆ ಓಡುವ ಆಟಕ್ಕೆ 0.6 ಇಡಿ, ಮೂಲೆಗೆ 16 ಡಿಗ್ರಿ ಮಾತ್ರ ಉಳಿದು ತಪ್ಪು ತಿರುವು ಕಡಿಮೆಯಾಗುತ್ತದೆ.

ಕೀಬೋರ್ಡಿನಲ್ಲೇ ಆಡುವವರಿಗೆ ಒಂದು ಮಾತು. ಮೇಲೆ, ಎಡ ಬಾಣಗಳ ಜೊತೆ ಸ್ಪೇಸ್ ಒತ್ತಿದರೆ ಅನೇಕ ಸಾಧಾರಣ ಕೀಬೋರ್ಡುಗಳು ಮೂರನೆಯದನ್ನು ನುಂಗಿಬಿಡುತ್ತವೆ. ಫೈರನ್ನು ಕಂಟ್ರೋಲ್ ಅಥವಾ ಶಿಫ್ಟ್‌ಗೆ ಕೊಡಿ. ಅವುಗಳ ತಂತಿ ಸಾಮಾನ್ಯವಾಗಿ ಬೇರೆ ಇರುತ್ತದೆ. ಎಡ-ಬಲ ಒಟ್ಟಿಗೆ ಒತ್ತುವುದಕ್ಕೆ ಅವಕಾಶ ಕೊಡುವ ಆಯ್ಕೆ ಕಂಡರೆ ಆಫ್ ಇಡಿ. ನಿಜವಾದ ಕೋಲಿನಲ್ಲಿ ಅದು ಸಾಧ್ಯವೇ ಇರಲಿಲ್ಲ, ಆಟ ಬರೆದವರು ಅದನ್ನು ಎಣಿಸಿಯೂ ಇರಲಿಲ್ಲ.

ಪ್ಯಾಡಲ್ ಸೇರಿಸುವುದಾದರೆ

ಪ್ಯಾಡಲ್ ಎಂದರೆ 7ನೇ ಪಿನ್ನಿನ 5 ವೋಲ್ಟಿನಿಂದ 9 ಮತ್ತು 5ಕ್ಕೆ ಹೋಗುವ ಒಂದೊಂದು ಪೊಟೆನ್ಶಿಯೋಮೀಟರ್. ಅಟಾರಿಯದು 1 ಮೆಗಾಓಮ್, ಕಾಮಡೋರಿನದು 470 ಕಿಲೋಓಮ್. ಬಟನ್ನುಗಳು 3 ಮತ್ತು 4ನೇ ಪಿನ್ನಿನಲ್ಲಿ, ಅಂದರೆ ಎಡ-ಬಲದ ಜಾಗದಲ್ಲಿ. ಇಷ್ಟು ದೊಡ್ಡ ರೋಧವನ್ನು ಚಿಪ್ಪಿನ ಅನಲಾಗ್ ಪಿನ್ನಿಗೆ ನೇರ ಕೊಟ್ಟರೆ ಓದು ಅಲುಗಾಡುತ್ತದೆ. ಹಳೆ ಯಂತ್ರಗಳು ಮಾಡಿದ್ದನ್ನೇ ಮಾಡಿ: ಬೋರ್ಡಿನ ಪಿನ್ನಿನಿಂದ ಗ್ರೌಂಡಿಗೆ 10 ನ್ಯಾನೊಫ್ಯಾರಡ್ ಕೆಪಾಸಿಟರ್ ಹಾಕಿ, ಪಿನ್ನನ್ನು ಸೊನ್ನೆಗೆಳೆದು ಖಾಲಿ ಮಾಡಿ, ಬಿಟ್ಟು, ಅದು ತುಂಬಿ ಪಿನ್ನು ಏರುವವರೆಗಿನ ಹೊತ್ತನ್ನು ಎಣಿಸಿ. 1 ಮೆಗಾಓಮ್‌ಗೆ ಸುಮಾರು 7 ಮಿಲಿಸೆಕೆಂಡ್, 470 ಕಿಲೋಓಮ್‌ಗೆ ಅದರ ಅರ್ಧಕ್ಕೂ ಕಡಿಮೆ. ಅಷ್ಟು ಹೊತ್ತು ಕೋಡನ್ನು ನಿಲ್ಲಿಸಿಕೊಂಡು ಕೂರದೆ ಸುತ್ತಿನಲ್ಲಿ ಮತ್ತೆ ಮತ್ತೆ ಬಂದು ನೋಡುವಂತೆ ಬರೆಯಿರಿ.

ಈ ಪಿನ್ನುಗಳ ಪುಲ್‌ಅಪ್ ಆಫ್ ಇರಲೇಬೇಕು. ಆನ್ ಇದ್ದರೆ ಕೆಪಾಸಿಟರನ್ನು ಆ 20–50 ಕಿಲೋಓಮ್ ತುಂಬಿಬಿಡುತ್ತದೆ, ಗುಂಡಿ ಎಷ್ಟು ತಿರುಗಿಸಿದರೂ ಅಂಕಿ ಒಂದೇ. ಆದರೆ 9ನೇ ಪಿನ್ನನ್ನು ಎರಡನೇ ಬಟನ್ನಾಗಿ ಬಳಸುವಾಗ ಪುಲ್‌ಅಪ್ ಬೇಕು! ಎರಡೂ ಒಟ್ಟಿಗೆ ಆಗದು. ಡಬ್ಬಿಯ ಪಕ್ಕಕ್ಕೆ ಒಂದು ಚಿಕ್ಕ ಸ್ವಿಚ್ ಇಟ್ಟು, ಕೋಡು ಶುರುವಾಗುವಾಗ ಅದನ್ನು ನೋಡಿ ಕೋಲೋ ಪ್ಯಾಡಲೋ ತೀರ್ಮಾನಿಸಲಿ. ಅಂಕಿ ಕುಣಿಯುತ್ತಿದ್ದರೆ ಪೊಟೆನ್ಶಿಯೋಮೀಟರ್ ಒಳಗೆ ಕಾಂಟ್ಯಾಕ್ಟ್ ಕ್ಲೀನರ್ ಹನಿಸಿ ತುದಿಯಿಂದ ತುದಿಗೆ ಐವತ್ತು ಸಲ ತಿರುಗಿಸಿ.

ಎರಡು ಡಬ್ಬಿ, ಇಬ್ಬರು ಆಟಗಾರರು

ಒಂದೇ ಬೋರ್ಡಿನಿಂದ ಎರಡು ಜಾಯ್‌ಸ್ಟಿಕ್ ತೋರಿಸಬಹುದು, ಆದರೆ ಲಿನಕ್ಸ್ ಕೆಲವೊಮ್ಮೆ ಎರಡನ್ನೂ ಕಲಸಿ ಒಂದೇ ಸಾಧನವೆಂದು ತೋರಿಸುತ್ತದೆ. ಎರಡು ಬೋರ್ಡು ಹಾಕುವುದು ನೆಮ್ಮದಿ. ಆಗ ಎರಡಕ್ಕೂ ಹೆಸರು ಒಂದೇ ಆಗಿ ಎಮ್ಯುಲೇಟರಿಗೆ ಯಾವುದು ಮೊದಲಿನದು ಎಂದು ತಿಳಿಯದೆ ಕಂಪ್ಯೂಟರ್ ಆರಿಸಿ ಹಚ್ಚಿದಾಗ ಆಟಗಾರರು ಅದಲುಬದಲಾಗುತ್ತಾರೆ. ಆರ್ಡುಯಿನೊದ ಬೋರ್ಡ್ ಪಟ್ಟಿಯ ಕಡತದಲ್ಲಿ ಸಾಧನದ ಹೆಸರನ್ನೂ ಗುರುತಿನ ಸಂಖ್ಯೆಯನ್ನೂ ಬದಲಿಸಿ ಎರಡನೇ ಬೋರ್ಡಿಗೆ ತುಂಬಿ. ಹೆಸರು ಮಾತ್ರ ಬದಲಿಸಿದರೆ ಸಾಲದು, ಸಂಖ್ಯೆಯಿಂದಲೇ ಗುರುತು ಹಿಡಿಯುವ ಎಮ್ಯುಲೇಟರುಗಳಿಗೆ ಎರಡೂ ಒಂದೇ ಆಗಿ ಕಾಣುತ್ತವೆ. ಬದಲಿಸಿದ ಮೇಲೆ ಆ ಬೋರ್ಡಿಗೆ ಬಟನ್ ಮ್ಯಾಪಿಂಗ್ ಹೊಸದಾಗಿ ಮಾಡಬೇಕು. ಹಳೆಯದು ಹಳೆ ಸಂಖ್ಯೆಗೇ ಅಂಟಿಕೊಂಡಿರುತ್ತದೆ.